ನಲಿ-ಕಲಿಯ ತವರಿಗೆ ನಾಲ್ಕು ದಿನ

ನಲಿ-ಕಲಿ ಟೀಚರ್ ಅಂದರೆ ಊರಿನವರ ಕಣ್ಣಿಗೆ ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಆಟ ಆಡಿಸಿ, ಸಂಬಳ ತಗೊಂಡು ಮನೆಗೆ ಹೋಗುವವಳು. ನಾನು ಆ ಪೈಕಿ. ಮೊದಲು ಬೇರೆ ಜಿಲ್ಲೆಯಲ್ಲಿದ್ದೆ, ಆಮೇಲೆ ಎಚ್.ಡಿ. ಕೋಟೆ ತಾಲ್ಲೂಕಿಗೆ ಬಂದೆ. ನಲಿ-ಕಲಿ ಅಂದರೆ ಚಿಕ್ಕ ತರಗತಿಯ ಮಕ್ಕಳು ಪುಸ್ತಕದ ಬದಲು ಕಾರ್ಡು ಹಿಡಿದು, ಆಡುತ್ತಾ, ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 2009-10ರಲ್ಲಿ ನಲಿ-ಕಲಿ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತಲ್ಲ, ಅವತ್ತಿನಿಂದ ಕಾರ್ಡು, ಏಣಿ (ಕಲಿಕೆಯ ಮೆಟ್ಟಿಲುಗಳನ್ನು ಚಿತ್ರದಲ್ಲಿ ತೋರಿಸುವ ಗೋಡೆ ಪಟ್ಟಿ), ತಟ್ಟೆ (ಯಾವ ಗುಂಪು ಎಲ್ಲಿ ಕೂರಬೇಕು ಅನ್ನುವ ಗುರುತು), ಪ್ರಗತಿ ನೋಟ (ಯಾವ ಮಗು ಎಲ್ಲಿಗೆ ಬಂದಿದೆ ಅನ್ನುವ ಪಟ್ಟಿ) ಅಂತ ಅದರಲ್ಲೇ ಮುಳುಗಿದ್ದೇನೆ. ಎಷ್ಟೋ ದಿನ ಬೈದುಕೊಂಡೇ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. "ಏನ್ ಮೇಡಂ, ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ಹೇಳ್ಕೊಡ್ತೀರಂತೆ" ಅಂತ ಅಪ್ಪಂದಿರು ಜಗಳಕ್ಕೆ ಬಂದಾಗೆಲ್ಲ, ಈ ಐದು ಅಕ್ಷರ ಬಂದರೆ ಮಗು ಅಗಸ, ಅರಸ, ಗರಗಸ ಎಲ್ಲ ಓದುತ್ತೆ ನೋಡಿ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿ ತೋರಿಸಿ ನನಗೇ ಸಾಕಾಗಿತ್ತು.

ನಲಿ-ಕಲಿಗೆ ಹೆಸರು ನಮ್ಮದು, ಬೇರು ಬೇರೆ ಕಡೆಯದು. 1995ರಲ್ಲಿ ಯುನಿಸೆಫ್ ನೆರವಿನಿಂದ ಇದು ಮೊದಲು ಶುರುವಾಗಿದ್ದು ನಮ್ಮ ಕೋಟೆ ತಾಲ್ಲೂಕಿನಲ್ಲೇ. ಇಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರ ಇರುವ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಪುಟ್ಟ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದು, ತಾವೇ ಕೂತು ಕನ್ನಡದ ಕಾರ್ಡುಗಳನ್ನು ಬರೆದರು. ನಮ್ಮ ಕಡೆ ನಿವೃತ್ತರಾದ ಒಬ್ಬ ಮೇಷ್ಟ್ರಿದ್ದಾರೆ, ಆಮೇಲಿನ ಒಂದು ತಂಡದಲ್ಲಿ ಅಲ್ಲಿಗೆ ಹೋಗಿ ಬಂದವರು. ಯಾವ ತರಬೇತಿಯಲ್ಲಿ ಸಿಕ್ಕಿದರೂ ಒಂದೇ ಮಾತು: "ನೀವು ನೋಡಿರೋದು ಜೆರಾಕ್ಸು ಕಣಮ್ಮ, ನಾನು ಒರಿಜಿನಲ್ ನೋಡಿದ್ದೀನಿ."

ಈ ಮಾತು ಕೇಳಿ ಕೇಳಿ ಹಟ ಬಂದಿತ್ತು. 2019ರ ಅಕ್ಟೋಬರ್ ರಜೆಯಲ್ಲಿ, ನಮಗೆ ರಜೆ ಇದೆ, ಅವರಿಗೆ ದಸರಾ ರಜೆ ಮುಗಿದು ಶಾಲೆ ಶುರುವಾಗಿದೆ ಅನ್ನೋದು ಗೊತ್ತಾದ ತಕ್ಷಣ ಒಂದು ಇಮೇಲ್ ಬರೆದೆ. ಬನ್ನಿ ಅಂದರು. ಮೇಷ್ಟ್ರು, ನಾನು, ನಮ್ಮ ಶಾಲೆಯ ಗೆಸ್ಟ್ ಟೀಚರ್ ಹುಡುಗಿ, ಮೂವರು ಹೊರಟೆವು. ಯಾವ ಇಲಾಖೆಯೂ ಕಳಿಸಿದ್ದಲ್ಲ, ಟಿಎ ಇಲ್ಲ, ಡಿಎ ಇಲ್ಲ, ನಮ್ಮದೇ ದುಡ್ಡು.

ಸೋಮವಾರ

ಮೈಸೂರಿನಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಆಂಧ್ರ ಬಸ್ಸು. ಹೊಸಕೋಟೆ ದಾಟುವ ಹೊತ್ತಿಗೆ ಮೇಷ್ಟ್ರು ನಿದ್ದೆ ಹೋದರು. ಎಚ್ ಕ್ರಾಸ್ ಬಂತು, ಚಿಂತಾಮಣಿ ಬಂತು. ಚಿಂತಾಮಣಿಯಿಂದ ಆಚೆ ಭಾಷೆ ಎಲ್ಲಿ ಬದಲಾಯಿತು ಅಂತ ಹೇಳೋಕೆ ಆಗಲ್ಲ, ನನ್ನ ಪಕ್ಕ ಕೂತಿದ್ದ ಹೆಂಗಸು ಕಂಡಕ್ಟರ್ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಫೋನಿನಲ್ಲಿ ಎರಡೂ ಕಲಸಿದ ಮೂರನೇ ಭಾಷೆ ಮಾತಾಡುತ್ತಿದ್ದಳು. ರಸ್ತೆಯ ಎರಡೂ ಕಡೆ ಟೊಮೇಟೊ, ಟೊಮೇಟೊ ತುಂಬಿದ ಪ್ಲಾಸ್ಟಿಕ್ ಕ್ರೇಟು, ಕ್ರೇಟು ತುಂಬಿದ ಲಾರಿ. ಮದನಪಲ್ಲಿಯ ಟೊಮೇಟೊ ಮಾರುಕಟ್ಟೆ ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು ಅಂತ ಓದಿದ್ದೆ, ಊರು ಹತ್ತಿರ ಬರುತ್ತಿದ್ದಂತೆ ಮೂಗಿಗೇ ಗೊತ್ತಾಯಿತು.

ಲಾಡ್ಜು ಹೇಗಿತ್ತು ಅನ್ನೋದು ಬೇಡ. ನೀರು ರಾತ್ರಿ ಒಂಬತ್ತಕ್ಕೆ ಬರುತ್ತೆ ಅಂದರು, ಹನ್ನೊಂದಕ್ಕೆ ಬಂತು.

ಸಂಜೆ ಸುಮ್ನೆ ಕೂರೋದು ಯಾಕೆ ಅಂತ ಬೆಸೆಂಟ್ ಥಿಯಾಸಾಫಿಕಲ್ ಕಾಲೇಜಿನ ಕಡೆ ನಡೆದೆವು. ಅಲ್ಲಿ ಹೋದಮೇಲೆ ಮೇಷ್ಟ್ರು ಒಂದು ವಿಷಯ ಹೇಳಿದರು, ನನಗೆ ನಾಚಿಕೆಯಾಯಿತು. 1919ರ ಫೆಬ್ರುವರಿಯಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದು ಉಳಿದಿದ್ದಾಗ ಜನಗಣಮನವನ್ನು ಇಂಗ್ಲಿಷಿಗೆ ಅನುವಾದ ಮಾಡಿದ್ದು ಈ ಕಾಲೇಜಿನಲ್ಲಂತೆ. ಆಗ ಇಲ್ಲಿ ಪ್ರಿನ್ಸಿಪಾಲರಾಗಿದ್ದವರು ಜೇಮ್ಸ್ ಕಸಿನ್ಸ್, ಅವರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಆ ಹಾಡಿಗೆ ಸ್ವರಲಿಪಿ ಬರೆದರು. ಹದಿನಾರು ವರ್ಷ ದಿನಾ ಬೆಳಗ್ಗೆ ಮಕ್ಕಳ ಮುಂದೆ ನಿಂತು ಹಾಡಿದ್ದೇನೆ, ಇದು ಗೊತ್ತಿರಲಿಲ್ಲ. ಗೆಸ್ಟ್ ಟೀಚರ್ ಹುಡುಗಿ ಆಗಲೇ ಮೊಬೈಲ್ ತೆಗೆದು "ಮೇಡಂ, ಇದು ನಿಜಾನೇ" ಅಂತ ಖಾತ್ರಿ ಮಾಡಿಕೊಂಡಳು. ಈಗಿನವರು ಮೇಷ್ಟ್ರ ಮಾತನ್ನೂ ಪರೀಕ್ಷೆ ಮಾಡಿಯೇ ನಂಬೋದು, ಒಳ್ಳೆಯದೇ.

ಊಟಕ್ಕೆ ರಾಗಿ ಸಂಗಟಿ. ನಮ್ಮ ಮುದ್ದೆಯೇ, ಒಳಗೆ ಅನ್ನ ಸೇರಿಸಿರುತ್ತಾರೆ, ಜೊತೆಗೆ ಕಡಲೆಕಾಯಿ ಬೀಜದ ಚಟ್ನಿ. ಮೇಷ್ಟ್ರು ಎರಡನೇ ಮುದ್ದೆ ಹಾಕಿಸಿಕೊಂಡು, "ಇದು ಮಾತ್ರ ಆವಾಗ ತಿಂದದ್ದಕ್ಕಿಂತ ಚೆನ್ನಾಗಿದೆ" ಅಂದರು.

ಮಂಗಳವಾರ

ಮದನಪಲ್ಲಿಯಿಂದ ರಿಷಿ ವ್ಯಾಲಿಗೆ ಹತ್ತು ಮೈಲಿ ಆಸುಪಾಸು. ಆಟೋದವನು ದಾರಿಯುದ್ದಕ್ಕೂ "ದೊಡ್ಡ ಶಾಲೆಗಾ, ಚಿಕ್ಕ ಶಾಲೆಗಾ" ಅಂತ ತೆಲುಗಿನಲ್ಲಿ ಕೇಳುತ್ತಿದ್ದ. ಕೇಳಬೇಕಾದ ಪ್ರಶ್ನೆಯೇ. ದೊಡ್ಡದು ಅಂದರೆ ಜಿಡ್ಡು ಕೃಷ್ಣಮೂರ್ತಿ ಕಟ್ಟಿದ, ಊರೂರಿನಿಂದ ಮಕ್ಕಳು ಬಂದು ಇದ್ದು ಓದುವ ಹೆಸರುವಾಸಿ ಶಾಲೆ. ಕೃಷ್ಣಮೂರ್ತಿ ಹುಟ್ಟಿದ್ದು ಇದೇ ಮದನಪಲ್ಲಿಯಲ್ಲಿ, 1895ರಲ್ಲಿ. ನಾವು ಹೋಗುತ್ತಿದ್ದದ್ದು ಆ ಶಾಲೆಗಲ್ಲ. ಅದರ ಬೇಲಿಯಾಚೆ, ಸುತ್ತಲಿನ ಬರದ ಹಳ್ಳಿಗಳಲ್ಲಿ ದನ ಮೇಯಿಸುವ, ಕಡಲೆಕಾಯಿ ಕೀಳುವ ಮಕ್ಕಳಿಗಾಗಿ 1980ರ ದಶಕದ ಕೊನೆಯಲ್ಲಿ ಶುರುವಾದ ಒಂದು ಕೋಣೆಯ ಶಾಲೆಗಳನ್ನು ನೋಡೋಕೆ. ಅವುಗಳನ್ನು ನಡೆಸುವ ಕೇಂದ್ರಕ್ಕೆ ಇಂಗ್ಲಿಷಿನಲ್ಲಿ ಉದ್ದ ಹೆಸರಿದೆ, ಚಿಕ್ಕದಾಗಿ 'ರಿವರ್' ಅಂತಾರೆ. ಪದ್ಮನಾಭ ರಾವ್ ಮತ್ತು ರಮಾ ದಂಪತಿ ಕಟ್ಟಿ ಬೆಳೆಸಿದ್ದು.

ಕೇಂದ್ರದ ಒಳಗೆ ಕಾಲಿಟ್ಟ ತಕ್ಷಣ ಗೋಡೆ ಮೇಲೆ ಏಣಿ. ಕಲಿಕಾ ಏಣಿ! ತೆಲುಗಿನಲ್ಲಿದೆ, ಒಂದಕ್ಷರ ಓದಲು ಬರಲ್ಲ, ಆದರೆ ಮೈಲಿಗಲ್ಲು, ಚಿಹ್ನೆ, ಬಾಣದ ಗುರುತು, ಎಲ್ಲ ಗೊತ್ತು. ಬೇರೆ ಊರಿನಲ್ಲಿ ನಮ್ಮ ಮನೆ ಪಾತ್ರೆ ಕಂಡ ಹಾಗಾಯಿತು. ಗೆಸ್ಟ್ ಟೀಚರ್ ಹುಡುಗಿ ಒಂದು ಕಾರ್ಡು ಎತ್ತಿ, ಮೂಲೆಯ ಚಿತ್ರ ನೋಡಿ, "ಇದು ಅಭ್ಯಾಸದ ಕಾರ್ಡು, ಜೊತೆಗಾರರ ತಟ್ಟೆಗೆ ಹೋಗಬೇಕು, ಅಲ್ವಾ?" ಅಂದಳು. ಅಲ್ಲಿನ ತರಬೇತುದಾರರು ಹೌದು ಅಂದರು. ಭಾಷೆ ಬರದಿದ್ದರೂ ತರಗತಿ ನಡೆಸಬಹುದಿತ್ತು ನಾವು.

ಹೊರಗಿನವರಿಗೆ ಇದು ಅರ್ಥವಾಗಲಿ ಅಂತ ಸ್ವಲ್ಪ ಹೇಳುತ್ತೇನೆ. ಒಂದು ಹಳ್ಳಿ, ಒಂದು ಕೋಣೆ, ಒಬ್ಬ ಟೀಚರ್, ಒಂದರಿಂದ ಐದರವರೆಗಿನ ಮಕ್ಕಳು ಎಲ್ಲ ಅಲ್ಲೇ. ಕಡಲೆಕಾಯಿ ಕೀಳುವ ಕಾಲಕ್ಕೆ ಒಂದು ಮಗು ಹದಿನೈದು ದಿನ ಬರಲ್ಲ. ಬಂದಾಗ ಪಾಠ ಮುಂದೆ ಹೋಗಿರುತ್ತೆ, ಮಗುವಿಗೆ ಏನೂ ಗೊತ್ತಾಗಲ್ಲ, ಹಿಂದಿನ ಸಾಲಿನಲ್ಲಿ ಕೂರುತ್ತೆ, ಆಮೇಲೆ ಬರೋದೇ ಬಿಡುತ್ತೆ. ಮಗು ದಡ್ಡ ಅಲ್ಲ, ಪಾಠ ಕಾಯಲಿಲ್ಲ, ಅಷ್ಟೇ. ಅದಕ್ಕೆ ಇವರು ಪಠ್ಯಪುಸ್ತಕವನ್ನೇ ಬಿಚ್ಚಿ ನೂರಾರು ಕಾರ್ಡು ಮಾಡಿದರು, ಪರಿಚಯ ಮಾಡಿಸುವ ಕಾರ್ಡು, ಅಭ್ಯಾಸದ ಕಾರ್ಡು, ಪರೀಕ್ಷೆಯ ಕಾರ್ಡು, ಎಡವಿದವರಿಗೆ ಇನ್ನೊಂದು ದಾರಿಯ ಕಾರ್ಡು. ಅವನ್ನೆಲ್ಲ ಒಂದು ಏಣಿಯ ಮೇಲೆ ಜೋಡಿಸಿದರು. ಹದಿನೈದು ದಿನ ಬಿಟ್ಟು ಬಂದ ಮಗು ತಾನು ಬಿಟ್ಟ ಮೆಟ್ಟಿಲಿಗೇ ಬಂದು ನಿಲ್ಲುತ್ತೆ. ಪಕ್ಕದ ಮಗು ಹತ್ತು ಮೆಟ್ಟಿಲು ಮೇಲಿದ್ದರೆ ಇರಲಿ. ಟೀಚರ್ ಪೂರ್ತಿ ಜೊತೆಗಿರಬೇಕಾದವರು ಒಂದು ಕಡೆ, ಜೊತೆಗಾರರಿಂದ ಕಲಿಯುವವರು ಇನ್ನೊಂದು ಕಡೆ, ತಾವೇ ಮಾಡಿಕೊಳ್ಳುವವರು ಮತ್ತೊಂದು ಕಡೆ. ಇಷ್ಟೂ ಸಾಮಾನು ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು, ಅದಕ್ಕೇ 'ಸ್ಕೂಲ್ ಇನ್ ಎ ಬಾಕ್ಸ್' ಅಂತ ಹೆಸರು ಬಂತು.

ಆ ಪೆಟ್ಟಿಗೆ ಬಹಳ ದೂರ ಹೋಯಿತು. ನಮ್ಮ ಕೋಟೆಗೆ ಬಂತು, ಅಲ್ಲಿಂದ ಇಡೀ ಕರ್ನಾಟಕಕ್ಕೆ. 2003ರಲ್ಲಿ ಚೆನ್ನೈ ಕಾರ್ಪೊರೇಷನ್ ಶಾಲೆಗಳಿಗೆ ಹೋಯಿತು, ಕೆಲವೇ ವರ್ಷದಲ್ಲಿ ತಮಿಳುನಾಡಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ. ಜರ್ಮನಿಯ ರೇಗೆನ್ಸ್‌ಬುರ್ಗ್ ವಿಶ್ವವಿದ್ಯಾಲಯದವರು ಬಂದು ಇದನ್ನು ಅಭ್ಯಾಸ ಮಾಡಿದರು, ಶಿಕ್ಷಕರಾಗಲು ಓದುವ ಅಲ್ಲಿನ ಹುಡುಗ ಹುಡುಗಿಯರು ಈ ಹಳ್ಳಿಗಳಿಗೆ ಬಂದು ಕೂತು ಕಲಿತರು. 2004ರಲ್ಲಿ ಗ್ಲೋಬಲ್ ಡೆವಲಪ್‌ಮೆಂಟ್ ನೆಟ್‌ವರ್ಕ್‌ನ ಪ್ರಶಸ್ತಿ ಬಂತು, ಆಮೇಲೆ ಶ್ವಾಬ್ ಫೌಂಡೇಶನ್ ಇವರನ್ನು ಗುರುತಿಸಿತು. ಪ್ರಶಸ್ತಿಗಳನ್ನು ಎಲ್ಲಿಟ್ಟಿದ್ದಾರೆ ನೋಡೋಣ ಅಂತ ನಾನು ಕಣ್ಣಾಡಿಸುತ್ತಲೇ ಇದ್ದೆ. ನಾವು ಕೂತಿದ್ದ ಕಡೆ ಕಂಡಿದ್ದು ಕತ್ತರಿ, ಗೋಂದು, ರಟ್ಟು, ಅರ್ಧ ಬಣ್ಣ ಹಚ್ಚಿದ ತೊಗಲುಗೊಂಬೆಯಂಥ ಒಂದು ಬೊಂಬೆ.

ಮಧ್ಯಾಹ್ನ ಊಟ ಆದಮೇಲೆ ಮೇಷ್ಟ್ರು ಯಾಕೋ ಸಪ್ಪಗಾದರು. ಏನಾಯ್ತು ಸಾರ್ ಅಂದೆ. "ಆವಾಗ ನಾವು ಬಂದು ಕಾರ್ಡು ನೋಡಿದ್ವಿ, ಏಣಿ ನೋಡಿದ್ವಿ, ನೋಟ್ಸ್ ಬರ್ಕೊಂಡ್ವಿ. ಒಂದು ಸಂಜೆ ಹಳ್ಳಿಗೆ ಕರ್ಕೊಂಡು ಹೋಗಿದ್ರು. ಅಲ್ಲಿ ಹೆಂಗಸರು ಕೂತಿದ್ರು. ಏನೋ ಸಭೆ ಇರಬೇಕು ಅಂತ ನಾವು ಆಚೆ ಹೋಗಿ ಟೀ ಕುಡಿದ್ವಿ" ಅಂದರು. ಅಷ್ಟೇ ಹೇಳಿದ್ದು.

ಬುಧವಾರ

ಈ ದಿನ ಪೂರ್ತಿ ಒಂದೇ ಹಳ್ಳಿ. ಹೆಸರು ಬರೆಯಲ್ಲ, ಅಲ್ಲಿನವರನ್ನು ಕೇಳಿಲ್ಲ.

ಶಾಲೆ ಅಂದರೆ ಒಂದು ಕೋಣೆ, ಮುಂದೆ ಸಣ್ಣ ಜಗಲಿ, ಸುತ್ತ ಗಿಡಮರ. ಗುಡ್ಡವೆಲ್ಲ ಕಲ್ಲು, ಒಣ ಪೊದೆ, ಈ ಒಂದು ತುಂಡು ಮಾತ್ರ ಹಸಿರು. ಸೀತಾಫಲದ ಕಾಲ ಬೇರೆ, ಬೇಲಿ ಪಕ್ಕದ ಗಿಡದಲ್ಲಿ ಕಾಯಿ ಕಣ್ಣು ಬಿಟ್ಟಿದ್ದವು. ಒಬ್ಬರೂ ಕಿತ್ತಿರಲಿಲ್ಲ. ನಮ್ಮ ಶಾಲೆಯ ಪೇರಲೆ ಗಿಡ ನೆನಪಾಯಿತು, ಅದು ಕಾಯಿ ಬಿಡುವ ಮೊದಲೇ ಬೋಳಾಗುತ್ತೆ. ಯಾಕೆ ಯಾರೂ ಕೀಳಲ್ಲ ಅಂತ ಕೇಳಿದರೆ ಟೀಚರ್ ನಕ್ಕು, "ನೀರು ಹಾಕೋದು ಅವರ ಅಮ್ಮಂದಿರು, ಕಿತ್ತರೆ ಮನೆಯಲ್ಲಿ ಬೀಳುತ್ತೆ" ಅಂದ. ಟೀಚರ್ ಅಂದರೆ ಹತ್ತಿರದ ಹಳ್ಳಿಯವನೇ, ಇಪ್ಪತ್ತಾರು ಇಪ್ಪತ್ತೇಳರ ಹುಡುಗ.

ಮಕ್ಕಳು ಅವತ್ತು ಮೆಟ್ರಿಕ್ ಮೇಳಕ್ಕೆ, ಅಂದರೆ ಅಳತೆ-ತೂಕ ಕಲಿಯುವ ಮೇಳಕ್ಕೆ, ತಯಾರಿ ಮಾಡುತ್ತಿದ್ದರು. ಮೆಟ್ರಿಕ್ ಮೇಳ ನಮಗೇನು ಹೊಸದಲ್ಲ, ನಮ್ಮಲ್ಲೂ ಮಾಡುತ್ತೇವೆ. ಹೇಗೆ ಮಾಡುತ್ತೇವೆ ಅಂತಲೂ ಹೇಳಿಬಿಡುತ್ತೇನೆ: ಹಿಂದಿನ ದಿನ ನಮ್ಮ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಫೋನ್ ಮಾಡುತ್ತಾರೆ, ನಾಳೆ ಹನ್ನೊಂದರ ಒಳಗೆ ಫೋಟೊ ಬೇಕು ಅಂತ. ಮಕ್ಕಳ ಕೈಗೆ ತಕ್ಕಡಿ ಕೊಟ್ಟು, ಬ್ಯಾನರ್ ಮುಂದೆ ನಿಲ್ಲಿಸಿ, ನಾಲ್ಕು ಫೋಟೊ ತೆಗೆದು, ಗ್ರೂಪಿಗೆ ಹಾಕಿ, ತಕ್ಕಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೇವೆ. ಹನ್ನೊಂದೂಕಾಲಿಗೆ ಮೇಳ ಮುಗಿದಿರುತ್ತೆ.

ಇಲ್ಲಿ ಬೀಗ ಹಾಕುವವರು ಯಾರೂ ಇರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಅಮ್ಮಂದಿರು ಒಬ್ಬೊಬ್ಬರೇ ಬಂದರು, ಕೆಲವರ ಕೈಯಲ್ಲಿ ಇನ್ನೂ ಮಣ್ಣು, ಸೊಂಟದಲ್ಲಿ ಕೂಸು. ಮಕ್ಕಳು ಮೂಲೆ ಮೂಲೆಯಲ್ಲಿ ಅಂಗಡಿ ಹೂಡಿದರು. ಒಂದು ಕಡೆ ಎತ್ತರ, ಒಂದು ಕಡೆ ತೂಕ, ಒಂದು ಕಡೆ ಲೀಟರು, ಒಂದು ಕಡೆ ಕೈಗಡಿಯಾರ ಇಟ್ಟುಕೊಂಡು ನಾಡಿ ಎಣಿಸುವ ಹುಡುಗ, ಡಾಕ್ಟರ ಗತ್ತಿನಲ್ಲಿ. ತೂಕದ ಅಂಗಡಿಯ ಪುಟ್ಟಿ, ಏಳೋ ಎಂಟೋ ವರ್ಷ ಇರಬೇಕು, ನನ್ನನ್ನು ಎಳೆದುಕೊಂಡು ಹೋಗಿ ಯಂತ್ರದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಇಡೀ ಊರಿಗೆ ಕೇಳುವ ಹಾಗೆ "ಡೆಬ್ಬೈ ರೆಂಡು!" ಅಂತ ಕೂಗಿದಳು. ಎಪ್ಪತ್ತೆರಡು. ನನ್ನ ಗಂಡನಿಗೂ ಹೇಳದೇ ಇಟ್ಟುಕೊಂಡಿದ್ದ ಸಂಖ್ಯೆ. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು, ಮೇಷ್ಟ್ರೂ ನಕ್ಕರು, ಆಮೇಲೆ ಅವರನ್ನೂ ನಿಲ್ಲಿಸಿದಾಗ ನಗು ನಿಂತಿತು.

"ನಿನ್ನ ಅಮ್ಮ ಎಲ್ಲಿ?" ಅಂತ ಆ ಪುಟ್ಟಿಯನ್ನು ಕೇಳಿದೆ. ಅಮ್ಮ ಕೆಲಸಕ್ಕೆ ಹೋಗಿದ್ದಾಳೆ, ಅವ್ವ ಬಂದಿದ್ದಾಳೆ ಅಂದಳು. ನನಗೆ ತಲೆ ತಿರುಗಿತು, ಅಮ್ಮ ಬೇರೆ ಅವ್ವ ಬೇರೆನಾ? ಆ ಕಡೆ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿಯಂತೆ. ಅವ್ವ ಎಪ್ಪತ್ತರ ಮೇಲಿನವಳು, ಕಂಬಕ್ಕೆ ಒರಗಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದಳು.

ಈ ಅವ್ವನ ಮುಂದೆ ಒಂದು ಕುಂಬಳಕಾಯಿ ತಂದಿಟ್ಟರು. ತೂಕ ಎಷ್ಟಿರಬಹುದು ಅಂತ ಎಲ್ಲರೂ ಹೇಳಬೇಕು, ಮಕ್ಕಳು ಬರೆದುಕೊಳ್ಳುತ್ತಾರೆ, ಆಮೇಲೆ ತೂಗಿ, ಯಾರ ಅಂದಾಜಿಗೂ ನಿಜಕ್ಕೂ ಎಷ್ಟು ವ್ಯತ್ಯಾಸ ಅಂತ ಕಳೆಯಬೇಕು. ನಾನು ಎರಡೂವರೆ ಕೆಜಿ ಅಂದೆ. ಗೆಸ್ಟ್ ಟೀಚರ್ ಐದು ಅಂದಳು. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ನಾಲ್ಕು ಅಂದರು. ಅವ್ವ ಕುಂಬಳಕಾಯಿಯನ್ನು ಒಂದು ಕೈಯಲ್ಲಿ ಎತ್ತಿ, ಇನ್ನೊಂದು ಕೈಗೆ ಬದಲಾಯಿಸಿ, ಕೆಳಗಿಟ್ಟು, ಎಲೆ ಅಡಿಕೆ ಉಗಿದು ಬಂದು, ಮೂರೂಕಾಲು ಅಂದಳು. ತಕ್ಕಡಿ ಹೇಳಿದ್ದು ಮೂರು ಕೆಜಿ ಮುನ್ನೂರು ಗ್ರಾಂ. ಐವತ್ತು ಗ್ರಾಂ ವ್ಯತ್ಯಾಸ! ಮೊಮ್ಮಗಳು ಸ್ಲೇಟಿನಲ್ಲಿ ಕಳೆಯುವ ಲೆಕ್ಕ ಮಾಡುತ್ತಾ ಅಜ್ಜಿಯ ಮುಖ ನೋಡುತ್ತಿದ್ದ ರೀತಿ ನೋಡಬೇಕಿತ್ತು. ಆಮೇಲೆ ಶೇರಿನ ಸರದಿ. ಅವ್ವ ಮನೆಯಿಂದ ಹಳೇ ಶೇರು ತಂದಿದ್ದಳು, ಅದರಲ್ಲಿ ರಾಗಿ ಅಳೆದು ಸುರಿದಳು, ಮಕ್ಕಳು ಅದನ್ನೇ ಕಿಲೋದಲ್ಲಿ ತೂಗಿದರು, ಒಂದು ಶೇರಿಗೆ ಎಷ್ಟು ಅಂತ ಬರೆದರು. ಅಜ್ಜಿಗೆ ಕಿಲೋ ಗೊತ್ತಾಯಿತೋ ಮಕ್ಕಳಿಗೆ ಶೇರು ಗೊತ್ತಾಯಿತೋ, ಅಲ್ಲಿ ಟೀಚರ್ ಯಾರು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ನಿಜವಾದ ಟೀಚರ್ ಹುಡುಗ ಮೂಲೆಯಲ್ಲಿ ಯಾರದ್ದೋ ಕೂಸನ್ನು ಎತ್ತಿಕೊಂಡು ನಿಂತಿದ್ದ.

ಆದರೆ ನಾನು ಇವತ್ತಿಗೂ ಮರೆಯದಿರುವುದು ಇದಾವುದೂ ಅಲ್ಲ.

ಮೇಳದ ಗಲಾಟೆಯ ನಡುವೆ ಒಬ್ಬ ತಾಯಿ, ಮೂವತ್ತರ ಒಳಗಿನವಳು, ಒಬ್ಬಳೇ ಕೋಣೆ ಒಳಗೆ ಹೋಗಿ ಏಣಿಯ ಮುಂದೆ ನಿಂತಳು. ಓದು ಬರಹ ಬರಲ್ಲ ಅಂತ ಆಮೇಲೆ ಅವಳೇ ಹೇಳಿದಳು. ಬೆರಳಿಟ್ಟುಕೊಂಡು ಚಿತ್ರದಿಂದ ಚಿತ್ರಕ್ಕೆ ಮೇಲೆ ಹೋದಳು, ಒಂದು ಕಡೆ ನಿಲ್ಲಿಸಿದಳು, ಹೊರಗೆ ಬಂದು ಟೀಚರನ್ನು ಹಿಡಿದುಕೊಂಡಳು. ನನ್ನ ಅರೆಬರೆ ತೆಲುಗಿಗೆ ತಿಳಿದದ್ದು ಇಷ್ಟು: ಹೋದ ಸಲ ಬಂದಾಗಲೂ ನನ್ನ ಮಗ ಈ ಮೊಲದ ಹತ್ತಿರವೇ ಇದ್ದ, ಇವತ್ತೂ ಮೊಲದ ಹತ್ತಿರವೇ ಇದ್ದಾನೆ, ಯಾಕೆ? ಟೀಚರ್ ಹುಡುಗ ತಡವರಿಸಿದ. ಅವನು ಎಂಟು ದಿನ ಬಂದಿಲ್ಲಕ್ಕಾ ಅಂದ. ಅವಳು ಮಗನ ಕಡೆ ತಿರುಗಿದಳು. ಮಗ ಲೀಟರಿನ ಅಂಗಡಿಯಲ್ಲಿ ಬಹಳ ಮುಖ್ಯವಾದ ಕೆಲಸ ಇರುವವನ ಹಾಗೆ ನೀರು ಸುರಿಯತೊಡಗಿದ.

ಏಣಿ ಇರೋದು ಯಾರಿಗೆ ಅಂತ ನಾನು ಹತ್ತು ವರ್ಷ ಅಂದುಕೊಂಡಿದ್ದೆ? ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಬಂದರೆ ತೋರಿಸೋಕೆ. ಬಿಆರ್‌ಸಿಯವರು ಬಂದರೆ ತೋರಿಸೋಕೆ. ನಮ್ಮ ಪ್ರಗತಿ ನೋಟವನ್ನು ಒಬ್ಬ ತಾಯಿ ಬೆರಳಿಟ್ಟು ನೋಡಿದ್ದನ್ನು ನಾನು ಕಂಡಿಲ್ಲ, ನೋಡಿ ಅಂತ ನಾನೂ ಕರೆದಿಲ್ಲ. 2001ರಿಂದ ನಮ್ಮಲ್ಲೂ ಎಸ್‌ಡಿಎಂಸಿ, ಅಂದರೆ ಅಪ್ಪ-ಅಮ್ಮಂದಿರು ಇರುವ ಶಾಲಾಭಿವೃದ್ಧಿ ಸಮಿತಿ, ಇದೆ, ಕಾಗದದ ಮೇಲೆ ನೋಡಿದರೆ ಶಾಲೆ ಅಪ್ಪ-ಅಮ್ಮಂದಿರದ್ದೇ. 'ಸಮುದಾಯದತ್ತ ಶಾಲೆ' ಅಂತ ಕಾರ್ಯಕ್ರಮವೂ ಇದೆ. ಸಭೆಗೆ ಬಂದವರು ಮೊದಲು ಕೇಳೋದು ಎಲ್ಲಿ ಸಹಿ ಹಾಕಬೇಕು ಅಂತ, ನಾನು ಮೊದಲು ತೋರಿಸೋದೂ ಅದನ್ನೇ. ಹಾಗಾಗಿ ಅವರನ್ನು ಬೈಯುವ ಹಾಗಿಲ್ಲ. ರಿಷಿ ವ್ಯಾಲಿಯಿಂದ ಪೆಟ್ಟಿಗೆ ತಂದೆವು, ಅದನ್ನು ಲಾರಿಯಲ್ಲಿ ಹೇರಬಹುದು, ತರಬೇತಿ ಕೊಡಬಹುದು, ಆದೇಶ ಹೊರಡಿಸಬಹುದು. ಏಣಿ ಮುಂದೆ ನಿಂತು ಜಗಳ ತೆಗೆಯುವ ತಾಯಿಯನ್ನು ಯಾವ ಲಾರಿಯಲ್ಲಿ ತರೋದು?

ಮೇಷ್ಟ್ರು ಅವತ್ತು ಟೀ ಕುಡಿಯೋಕೆ ಹೋಗಲಿಲ್ಲ. ಕೊನೆಯವರೆಗೂ ಹೆಂಗಸರ ಜೊತೆ ಜಗಲಿಯ ಮೇಲೆ ಕೂತಿದ್ದರು.

ಎಲ್ಲ ಚಂದ ಅಂತ ಬರೆದರೆ ತಪ್ಪಾಗುತ್ತೆ. ನಾಲ್ಕೂವರೆಗೆ ಒಂದು ಹಳದಿ ವ್ಯಾನು ಧೂಳೆಬ್ಬಿಸಿಕೊಂಡು ಬಂತು, ಟೈ ಕಟ್ಟಿದ ಆರೇಳು ಮಕ್ಕಳು ಇಳಿದವು. ಅದರ ಪೈಕಿ ಒಬ್ಬ ಇದೇ ಅವ್ವನ ಇನ್ನೊಬ್ಬ ಮೊಮ್ಮಗ. ಇವಳು ಇಲ್ಲಿ, ಅವನು ಯಾಕೆ ವ್ಯಾನಿನಲ್ಲಿ ಅಂತ ಕೇಳಿದೆ. "ಅವನು ಗಂಡು ಹುಡುಗ, ಇಂಗ್ಲಿಷು ಬೇಕಲ್ಲಮ್ಮ" ಅಂದಳು ಅವ್ವ, ಇದರಲ್ಲಿ ಕೇಳೋದೇನಿದೆ ಅನ್ನುವ ಹಾಗೆ. ಆ ಹುಡುಗ ಬ್ಯಾಗು ಬಿಸಾಡಿ ಓಡಿ ಬಂದು ತೂಕದ ಯಂತ್ರ ಹತ್ತಿದ. ನಮ್ಮೂರಲ್ಲೂ ಇದೇ ವ್ಯಾನು, ಇದೇ ಟೈ.

ನಿಮ್ಮ ಈ ಶಾಲೆಗಳಿಗೆ ದೊಡ್ಡ ದೊಡ್ಡ ಪ್ರಶಸ್ತಿ ಬಂದಿದೆ, ಗೊತ್ತಾ ಅಂತ ಗೆಸ್ಟ್ ಟೀಚರ್ ಕೇಳಿದಳು. ನಾನು ಅನುವಾದ ಮಾಡಿದೆ. ಮೊಲದ ತಾಯಿ (ಹೆಸರು ಕೇಳಿರಲಿಲ್ಲ, ನಮ್ಮ ಮೂವರಿಗೂ ಅವಳು ಇವತ್ತಿಗೂ ಮೊಲದ ತಾಯಿಯೇ) ಹೇಳಿದಳು, "ಎಲ್ಲೆಲ್ಲಿಂದಲೋ ಬರ್ತಾರೆ, ಬೆಳ್ಳಗಿರೋರೂ ಬರ್ತಾರೆ, ಫೋಟೊ ತಗೊಂಡು ಹೋಗ್ತಾರೆ. ಒಬ್ಬರೂ ಆ ಫೋಟೊ ನಮಗೆ ಕಳಿಸಲ್ಲ." ಗೆಸ್ಟ್ ಟೀಚರ್ ಕೈಯಲ್ಲಿ ಆಗ ಮೊಬೈಲ್ ಇತ್ತು, ಅವ್ವ ಕುಂಬಳಕಾಯಿ ಎತ್ತಿದ್ದ ಫೋಟೊ ಅದರಲ್ಲೇ ಇತ್ತು. ನಾವು ಕಳಿಸ್ತೀವಿ ಅಂದೆವು. ಎಲ್ಲರೂ ಹಾಗೇ ಅಂತಾರೆ ಅನ್ನುವ ಹಾಗೆ ತಲೆ ಆಡಿಸಿದಳು.

ವಾಪಸ್ ಹೊರಟಾಗ ಮಳೆ ಹಿಡಿಯಿತು. ಆಟೋ ಒಂದು ತಿರುವಿನಲ್ಲಿ ಕೆಸರಿಗೆ ಕೂತಿತು, ಇಳಿದು ತಳ್ಳಿದೆವು. ಎಪ್ಪತ್ತೆರಡು ಕೆಜಿ ಒಂದು ಕೆಲಸಕ್ಕಾದರೂ ಬಂತು.

ಗುರುವಾರ

ಬೆಳಗ್ಗೆ ಮೊದಲು ಮಾಡಿದ ಕೆಲಸ ಸ್ಟುಡಿಯೋ ಹುಡುಕಿದ್ದು. ಅಂಗಡಿ ತೆಗೆಯೋದು ಒಂಬತ್ತೂವರೆಗೆ, ಬಾಗಿಲ ಮುಂದೆ ಕಾದು ಕೂತು ಹದಿನಾಲ್ಕು ಫೋಟೊ ಪ್ರಿಂಟ್ ಹಾಕಿಸಿದೆವು. ಅವ್ವನದು ಮಾತ್ರ ದೊಡ್ಡ ಅಳತೆಯಲ್ಲಿ. ನಿನ್ನೆಯ ಆಟೋದವನೇ ಸಿಕ್ಕಿದ, ಆ ಕಡೆಯವನೇ ಅವನು, ಕವರಿಗೆ ಹಾಕಿ ಅವನ ಕೈಗೆ ಕೊಟ್ಟೆವು. ಸಂಜೆ ಟೀಚರ್ ಹುಡುಗ ಫೋನ್ ಮಾಡಿ ಬಂತು ಅಂದ. ಅವ್ವ ಏನಂದಳು ಅಂತ ಕೇಳಿದೆ. ಕುಂಬಳಕಾಯಿ ಚಿಕ್ಕದಾಗಿ ಕಾಣುತ್ತೆ ಅಂದಳಂತೆ.

ಬಸ್ಸಿಗೆ ಸಮಯ ಇತ್ತು ಅಂತ ಮೇಷ್ಟ್ರು ಹಾರ್ಸ್ಲಿ ಹಿಲ್ಸ್ ನೋಡಲೇಬೇಕು ಅಂತ ಹಟ ಹಿಡಿದರು. ನಾಲ್ಕು ಸಾವಿರ ಅಡಿಗಿಂತ ಎತ್ತರದ ಬೆಟ್ಟ, ಹಾರ್ಸ್ಲಿ ಅನ್ನುವ ಕಲೆಕ್ಟರ್ ಬೇಸಿಗೆಗೆ ಬಂದು ಇರುತ್ತಿದ್ದನಂತೆ. ಹೋದೆವು. ಮಂಜು. ನೀಲಗಿರಿ ಮರಗಳ ಬುಡ ಕಂಡವು, ತುದಿ ಕಾಣಲಿಲ್ಲ. ಕಣಿವೆ ಈ ಕಡೆ ಇದೆ ಅಂತ ಮೇಷ್ಟ್ರು ಬಿಳಿ ಗೋಡೆಯೊಂದನ್ನು ತೋರಿಸಿದರು, ನಾವು ಹೌದು ಹೌದು ಅಂದೆವು, ಇಳಿದು ಬಂದೆವು.

ಬಸ್ಸಿನಲ್ಲಿ ಗೆಸ್ಟ್ ಟೀಚರ್ ಹುಡುಗಿ ನೋಟ್‌ಬುಕ್ ತೆಗೆದು, ನವೆಂಬರಿನಲ್ಲಿ ಏನೇನು ಮಾಡಬಹುದು ಅಂತ ಬರೆಯತೊಡಗಿದಳು. ಹಾಡಿಯ (ನಮ್ಮ ಕಡೆಯ ಆದಿವಾಸಿಗಳ ಕೇರಿ) ಅಜ್ಜಿಯಂದಿರಿಂದ ಕಥೆ ಹೇಳಿಸಬಹುದು, ಜೇನುಕುರುಬರ ಮಾತಿನಲ್ಲೇ ಹೇಳಲಿ, ಮಕ್ಕಳು ಕನ್ನಡದಲ್ಲಿ ಬರೆಯಲಿ, ಅದನ್ನೇ ಕಾರ್ಡು ಮಾಡೋಣ. ಇಲ್ಲಿಯೂ ಹಳ್ಳಿಯ ಕಥೆಗಳನ್ನು ಹೀಗೇ ಸೇರಿಸಿಕೊಂಡಿದ್ದಾರಲ್ಲ. ಅವಳಿಗೆ ಮಾರ್ಚಿಗೆ ಕೆಲಸ ಮುಗಿಯುತ್ತೆ, ಮುಂದಿನ ವರ್ಷ ಯಾವ ಶಾಲೆಯೋ, ಇರುತ್ತದೋ ಇಲ್ಲವೋ. ಆದರೂ ಎರಡು ಪುಟ ತುಂಬಿಸಿದ್ದಳು. ಮೇಷ್ಟ್ರು ಕಿಟಕಿ ಪಕ್ಕ ಕೂತು ನಿದ್ದೆ ಮಾಡದೆ ಹೊರಗೆ ನೋಡುತ್ತಿದ್ದರು. ಚಿಂತಾಮಣಿ ಹತ್ತಿರ ಬಂದಾಗ, "ನಾನು ಒರಿಜಿನಲ್ ನೋಡಿದ್ದೀನಿ ಅಂತಿದ್ನಲ್ಲಮ್ಮ" ಅಂದರು. ಮುಂದಕ್ಕೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊಸಕೋಟೆ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ನಮ್ಮ ಎಸ್‌ಡಿಎಂಸಿಯ ಒಬ್ಬ ಸದಸ್ಯೆಗೆ ಫೋನ್ ಮಾಡಿದೆ. ಅವರ ಮಗಳು ನನ್ನ ಹತ್ತಿರ ಎರಡನೇ ತರಗತಿ. ರಜೆಯಲ್ಲಿ ಮೇಡಂ ಫೋನ್ ಬಂತಲ್ಲ ಅಂತ ಗಾಬರಿಯಾಗಿರಬೇಕು.

"ಹೇಳಿ ಮೇಡಂ, ಎಲ್ಲಿ ಸಹಿ ಹಾಕ್ಬೇಕು?"

"ಸಹಿ ಬೇಡ ಕಣಮ್ಮ. ಶಾಲೆ ಶುರುವಾದ ಮೇಲೆ ಒಂದು ದಿನ ಮಧ್ಯಾಹ್ನ ಬರಬೇಕು. ನಿಮ್ಮ ಮಗಳು ಏಣಿಯಲ್ಲಿ ಎಲ್ಲಿದ್ದಾಳೆ ಅಂತ ತೋರಿಸ್ತೀನಿ."

ಸ್ವಲ್ಪ ಹೊತ್ತು ಆ ಕಡೆ ಮಾತೇ ಇಲ್ಲ. ಆಮೇಲೆ, "ಬಿದ್ಲಾ ಮೇಡಂ?" ಅಂದರು.

ಏಣಿ ಅಂದರೆ ಏನು ಅಂತ ವಿವರಿಸುವ ಹೊತ್ತಿಗೆ ಬಸ್ಸು ಕೆ.ಆರ್. ಪುರ ದಾಟಿತ್ತು. ಕೊನೆಗೆ, ಬರುವಾಗ ತಮ್ಮತ್ತೆಯನ್ನೂ ಕರ್ಕೊಂಡು ಬರಲಾ, ಅವರು ಸಂತೆಯಲ್ಲಿ ಸೊಪ್ಪು ತರಕಾರಿ ಮಾರುತ್ತಿದ್ದವರು, ತಕ್ಕಡಿ ಹಿಡಿಯೋಕೆ ಚೆನ್ನಾಗಿ ಬರುತ್ತೆ ಅಂದರು. ನಾನು ತಕ್ಕಡಿಯ ಮಾತೇ ಎತ್ತಿರಲಿಲ್ಲ.